ಔಷಧಿ ಎಲೆಗೆ ಹಿಡಿಯಬೇಕಾದರೆ

ಭತ್ತದ ಎಲೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ದುಂಡಗೆ ನಿಂತು, ಎಲೆ ತುಸು ಅಲುಗಿದರೂ ಉರುಳಿ ಗದ್ದೆಗೆ ಬೀಳುತ್ತದೆ. ಬೆಂಕಿ ರೋಗಕ್ಕೆ ಸಿಂಪಡಿಸುವ ಔಷಧಿಯ ಪಾಡೂ ಬಹುಮಟ್ಟಿಗೆ ಇದೇ. ಶ್ರೀರಂಗಪಟ್ಟಣ, ಪಾಂಡವಪುರದ ನಾಲಾ ಬಯಲಿನ ರೈತರು ರೋಗ ಹತೋಟಿಗೆ ಬರಲಿಲ್ಲವೆಂದು ಔಷಧಿ ಬದಲಿಸುವ ಮುನ್ನ, ಹೊಡೆದ ಹನಿ ಎಲೆಯ ಮೇಲೆ ಉಳಿಯಿತೇ ಎಂದು ನೋಡಬೇಕು.

ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಹರಳುಗಳು. ಮೇಣಕ್ಕೆ ನೀರು ಒಗ್ಗದು. ಉಬ್ಬುಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುವುದರಿಂದ ಹನಿ ತುದಿಗಳ ಮೇಲಷ್ಟೇ ಕೂರುತ್ತದೆ. ಮೇಣವಿದ್ದೂ ಮೈ ನಯವಾಗಿದ್ದರೆ ಇಷ್ಟು ಸಲೀಸಾಗಿ ಉರುಳುತ್ತಿರಲಿಲ್ಲ. ಕೆಸು, ತಾವರೆ ಎಲೆಗಳದ್ದೂ ಇದೇ ರಚನೆ.

ಬೆಂಕಿ ರೋಗದ ಶಿಲೀಂಧ್ರಕ್ಕೆ ಮಾತ್ರ ಈ ಮೇಣ ಅಡ್ಡಿಯಲ್ಲ. ಇಬ್ಬನಿಯಲ್ಲಿ ಅದರ ಬೀಜಕಣದ ತುದಿಯಿಂದ ಅಂಟು ಒಸರಿ, ಮೇಣಕ್ಕೇ ಕಚ್ಚಿಕೊಳ್ಳುತ್ತದೆ. ನೀರು ಹಿಡಿಯದ ಗಟ್ಟಿ ಮೈ ತಗುಲಿದ್ದೇ ಅದಕ್ಕೆ ಎಲೆ ಕೊರೆಯಲು ಸೂಚನೆ. ನಾಗಮಂಗಲದ ಹೊಲಗಳಲ್ಲಿ ರಾಗಿಯನ್ನು ಕಾಡುವ ಬೆಂಕಿ ರೋಗವೂ ಇದೇ ಜಾತಿಯ ಶಿಲೀಂಧ್ರದಿಂದ ಬರುವುದು. ರೋಗಾಣು ಅಂಟು ತಂದಿರುವಾಗ ನಮ್ಮ ಔಷಧಿ ಬರಿಗೈಲಿ ಹೋದರೆ ಗೆಲ್ಲುವುದಿಲ್ಲ.

ಅದಕ್ಕೇ ಅಂಟು ದ್ರಾವಣ ಬೇಕು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸಿಲಿಕೋನ್ ಅಂಟು ಬೆರೆತರೆ 20-22ಕ್ಕೆ ಇಳಿಯುತ್ತದೆ, ಹನಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಪ್ರಮಾಣ ಡಬ್ಬಿಯ ಚೀಟಿಯಲ್ಲಿ ಇದ್ದಷ್ಟೇ ಇರಲಿ. ಹೆಚ್ಚಾದರೆ ದ್ರಾವಣ ಎಲೆಯಿಂದ ಸೋರಿಹೋಗುತ್ತದೆ, ಎಲೆ ಸುಡಲೂಬಹುದು. ಅಂಟಿನ ಬದಲು ಬಟ್ಟೆ ಸೋಪು ಕರಗಿಸುವುದು ಬೇಡ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಒಡೆದು ಗಸಿಯಾಗಿ ನಾಝಲ್ ಕಟ್ಟಿಕೊಳ್ಳುತ್ತದೆ. ದಪ್ಪ ಹನಿ ಎಲೆಗೆ ಬಡಿದು ಪುಟಿದು ಹೋಗುವುದರಿಂದ ಸಣ್ಣ ಹನಿ ಕೊಡುವ ನಾಝಲ್ ಹಾಕಿ. ಇಬ್ಬನಿ ಆರಿದ ಮೇಲೆ, ಗಾಳಿ ಇಲ್ಲದಾಗ ಹೊಡೆಯಿರಿ. ಯಾವ ಔಷಧಿಯೆಂದು ತಿಳಿಯಲು ರೈತ ಸಂಪರ್ಕ ಕೇಂದ್ರದಲ್ಲೋ ಮಂಡ್ಯದ ವಿ.ಸಿ. ಫಾರಂನಲ್ಲೋ ವಿಚಾರಿಸಿ.

ಎಲೆಯ ಈ ಗುಣ ಬೆಳೆಗೆ ಉಪಕಾರಿಯೂ ಹೌದು. ಕೆ.ಆರ್. ಪೇಟೆ ಕಡೆಯ ತಗ್ಗು ಗದ್ದೆಗಳು ಜಡಿಮಳೆಗೆ ಮುಳುಗಿದಾಗ ನೀರೊಳಗಿನ ಎಲೆ ಬೆಳ್ಳಿ ಲೇಪಿಸಿದಂತೆ ಹೊಳೆಯುವುದನ್ನು ಗಮನಿಸಿ. ಅದು ಎಲೆ ಹಿಡಿದಿಟ್ಟ ಗಾಳಿಯ ಪದರ. ಪೈರು ನೀರಿನೊಳಗೂ ಉಸಿರಾಡುವುದು, ಹಗಲಲ್ಲಿ ಆಹಾರ ತಯಾರಿಸುವುದು ಅದರ ನೆರವಿನಿಂದ. ಅಂಟು ದ್ರಾವಣ ಈ ಪದರವನ್ನೂ ಕಳಚುತ್ತದೆ. ಗದ್ದೆ ಮುಳುಗುವಂಥ ಮಳೆಯ ಮುನ್ಸೂಚನೆ ಇದ್ದರೆ ಸಿಂಪಡಣೆ ಮುಂದಕ್ಕೆ ಹಾಕಿ, ನೀರು ಬಸಿದ ಮೇಲೆ ಹೊಡೆಯಿರಿ.