ಪೌರತ್ವ, ವಾಸ, ಗುರುತು: ವಲಸೆ ಕುಟುಂಬದ ಕಾಗದಪತ್ರಗಳ ಕುರಿತು ಎರಡು ಅವಧಿಯ ಪಾಠ

ಪೀಠಿಕೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಆಗ ಮಹಾರಾಷ್ಟ್ರದ ಬೀಡ ಮುಂತಾದ ಮರಾಠವಾಡಾ ಜಿಲ್ಲೆಗಳಿಂದ, ನಮ್ಮದೇ ನೆರೆಯ ವಿಜಯಪುರ ಜಿಲ್ಲೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವ ಕೆಲಸವಾದ್ದರಿಂದ ಮಕ್ಕಳೂ ಜೊತೆಗೇ ಬರುತ್ತಾರೆ. ಇನ್ನೊಂದು ಕಡೆ, ಕಾಗವಾಡದ ಮಕ್ಕಳು ಮೀರಜಕ್ಕೆ, ನಿಪ್ಪಾಣಿಯ ಮಕ್ಕಳು ಕಾಗಲ, ಕೊಲ್ಹಾಪುರಗಳಿಗೆ ಓದಲು ಹೋಗುತ್ತಾರೆ. ಮದುವೆಯ ಸಂಬಂಧಗಳಂತೂ ಗಡಿಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಹೀಗಿರುವಾಗ ‘ನೀವು ಎಲ್ಲಿಯವರು? ಕಾಗದ ಎಲ್ಲಿ?’ ಎಂಬ ಪ್ರಶ್ನೆ ಶಾಲೆಯ ದಾಖಲಾತಿ ಮೇಜಿನಲ್ಲಿ, ರೇಷನ್ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಕೇಳುವವರಿಗೂ ಉತ್ತರಿಸುವವರಿಗೂ ಮೂರು ಬೇರೆ ಬೇರೆ ವಿಷಯಗಳು ಒಂದೇ ಎಂಬಂತೆ ಕಾಣುತ್ತವೆ: ಪೌರತ್ವ, ವಾಸ, ಗುರುತು. ‘ಮುಂದಿನ ವಾರ ಕಾಗದ ತನ್ನಿ’ ಎಂದು ಹಿಂದಕ್ಕೆ ಕಳಿಸಿದ ಮಗು ಹಂಗಾಮು ಮುಗಿಯುವವರೆಗೂ ತಿರುಗಿ ಬಾರದೆ ಇರಬಹುದು. ಆದ್ದರಿಂದ ಶಿಕ್ಷಕರಾಗಲಿರುವ ನಾವು ಈ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಇಂಟರ್ನ್‌ಶಿಪ್ ಅವಧಿಯಲ್ಲಿ ಅಥಣಿ ತಾಲೂಕಿನ ಒಂದು ಪ್ರೌಢಶಾಲೆಯ 9ನೇ ತರಗತಿಗೆ ಈ ವಿಷಯದ ಮೇಲೆ ನಡೆಸಿದ ಪಾಠದ ವಿವರ ಇಲ್ಲಿದೆ. ಗಣಿತ ಬೋಧನಾ ವಿಷಯದ ಪ್ರಶಿಕ್ಷಣಾರ್ಥಿಗೆ ಪೌರತ್ವದ ಪಾಠ ಯಾಕೆ ಎಂದು ಸಹಪಾಠಿಗಳು ಕೇಳಿದ್ದರು. ಕಾನೂನಿನ ಬಹುಪಾಲು ನಿಯಮಗಳು ‘ಹೀಗಿದ್ದರೆ ಹಾಗೆ’ ಎಂಬ ಷರತ್ತಿನ ಹೇಳಿಕೆಗಳು. ಅವುಗಳಲ್ಲಿ ದಿನಾಂಕದ ಅಂತರಗಳಿವೆ, ದಿನಗಳ ಮೊತ್ತವಿದೆ. ಸಂಖ್ಯಾರೇಖೆ, ಅಸಮತೆಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಗಡಿಭಾಗದ ಮಕ್ಕಳಿಗೆ ಸಿಗುವುದು ಕಷ್ಟ.

ಪಾಠ ಯೋಜನೆಯ ಸಾರ

ತರಗತಿ: 9. ಅವಧಿ: ತಲಾ 40 ನಿಮಿಷಗಳ ಎರಡು ಅವಧಿ. ಸಮನ್ವಯ: ಗಣಿತ ಮತ್ತು ಸಮಾಜ ವಿಜ್ಞಾನ.

ಕಲಿಕಾ ಫಲಗಳು: ವಿದ್ಯಾರ್ಥಿಯು, 1) ಪೌರತ್ವ, ವಾಸ, ಗುರುತು ಇವುಗಳ ನಡುವಿನ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವನು/ಳು. 2) ದಿನಾಂಕ ಆಧಾರಿತ ನಿಯಮವನ್ನು ಸಂಖ್ಯಾರೇಖೆಯ ಮೇಲೆ ಗುರುತಿಸುವನು/ಳು. 3) ಕೊಟ್ಟ ಕುಟುಂಬಕ್ಕೆ ಯಾವ ಸೌಲಭ್ಯಕ್ಕೆ ಯಾವ ಷರತ್ತು ಅನ್ವಯಿಸುತ್ತದೆ ಎಂದು ಕಾರಣ ಸಹಿತ ನಿರ್ಣಯಿಸುವನು/ಳು.

ಕಲಿಕೋಪಕರಣಗಳು: ಕಪ್ಪುಹಲಗೆಯ ಅಗಲಕ್ಕೆ ಕಟ್ಟಿದ ಹುರಿ, ದಿನಾಂಕ ಬರೆದ ಚೀಟಿಗಳು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ನಾಲ್ಕು ಕುಟುಂಬ ಕಾರ್ಡುಗಳು, ಗೋಡೆ ಕ್ಯಾಲೆಂಡರ್.

ಮೊದಲ ಅವಧಿ: ಹುರಿಯ ಮೇಲೆ ಪೌರತ್ವ

ತೊಡಗಿಸಿಕೊಳ್ಳುವ ಹಂತದಲ್ಲಿ ಒಂದೇ ಪ್ರಶ್ನೆ ಕೇಳಲಾಯಿತು: ‘ಅಥಣಿಯವರು ಜತ್ತಕ್ಕೆ ಹೋಗಿ ನೆಲೆಸಿದರೆ ಅವರ ಪೌರತ್ವ ಬದಲಾಗುತ್ತದೆಯೇ?’ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಬದಲಾಗುತ್ತದೆ ಎಂದರು. ಕರ್ನಾಟಕದ ಪೌರರು, ಮಹಾರಾಷ್ಟ್ರದ ಪೌರರು ಎಂಬ ಎರಡು ಗುಂಪು ಅವರ ಮನಸ್ಸಿನಲ್ಲಿದ್ದವು. ಭಾರತದಲ್ಲಿರುವುದು ಏಕ ಪೌರತ್ವ, ರಾಜ್ಯಕ್ಕೆ ಪ್ರತ್ಯೇಕ ಪೌರತ್ವವಿಲ್ಲ ಎಂಬ ಮಾತಿನಿಂದ ವಿವರಣೆ ಆರಂಭವಾಯಿತು. ಸಂವಿಧಾನದ 5ರಿಂದ 11ನೇ ವಿಧಿಗಳು ಪೌರತ್ವಕ್ಕೆ ಸಂಬಂಧಿಸಿವೆ. 19ನೇ ವಿಧಿಯು ದೇಶದ ಯಾವುದೇ ಭಾಗದಲ್ಲಿ ಸಂಚರಿಸುವ, ನೆಲೆಸುವ ಹಕ್ಕನ್ನು ಪೌರರಿಗೆ ಕೊಡುತ್ತದೆ. ಬೀಡದಿಂದ ಉಗಾರಕ್ಕೆ ಬರುವ ಕುಟುಂಬ ಯಾರ ಅನುಮತಿಯನ್ನೂ ಪಡೆಯಬೇಕಿಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗಲೂ ಇಲ್ಲಿನ ಜನರ ರಾಜ್ಯ ಬದಲಾಯಿತು, ಪೌರತ್ವ ಬದಲಾಗಲಿಲ್ಲ. ಈ ಉದಾಹರಣೆ ಕೊಟ್ಟ ಮೇಲೆ ಮಕ್ಕಳಿಗೆ ವಿಷಯ ಬೇಗ ಹಿಡಿಸಿತು.

ಅನ್ವೇಷಣೆಯ ಹಂತದಲ್ಲಿ ಹುರಿಯನ್ನು ಸಂಖ್ಯಾರೇಖೆಯಾಗಿ ಬಳಸಲಾಯಿತು. 1955ರ ಪೌರತ್ವ ಕಾಯ್ದೆಯ 3ನೇ ಪ್ರಕರಣದಂತೆ ಜನನದಿಂದ ಬರುವ ಪೌರತ್ವಕ್ಕೆ ಮೂರು ದಿನಾಂಕಗಳು ಮುಖ್ಯ: 26-1-1950, 1-7-1987, 3-12-2004. ಇವುಗಳನ್ನು ಹುರಿಗೆ ಸಿಕ್ಕಿಸಿದಾಗ ಮೂರು ಅಂತರಗಳಾದವು.

ಮೊದಲ ಅಂತರ: 26-1-1950ರಿಂದ 30-6-1987ರವರೆಗೆ ಭಾರತದಲ್ಲಿ ಹುಟ್ಟಿದವರು ಜನನದಿಂದಲೇ ಪೌರರು. ತಂದೆ ತಾಯಿಯ ಪೌರತ್ವವನ್ನು ಕೇಳುವಂತಿಲ್ಲ. ವಿದೇಶಿ ರಾಜತಾಂತ್ರಿಕರ ಮಕ್ಕಳಂಥ ಕೆಲವೇ ವಿನಾಯಿತಿಗಳಿವೆ.

ಎರಡನೆಯ ಅಂತರ: 1-7-1987ರಿಂದ 2-12-2004ರವರೆಗೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತದ ಪೌರರಾಗಿರಬೇಕು.

ಮೂರನೆಯ ಅಂತರ: 3-12-2004ರಿಂದ ಈಚೆಗೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಮಕ್ಕಳು ತಮ್ಮ ದಿನಾಂಕದ ಬದಲು ಕಾರ್ಡಿನಲ್ಲಿದ್ದ ಕುಟುಂಬಗಳ ದಿನಾಂಕಗಳನ್ನು ಹುರಿಗೆ ಹಾಕಿದರು. 1985ರಲ್ಲಿ ಹುಟ್ಟಿದ ತಂದೆ ಮೊದಲ ಅಂತರಕ್ಕೆ, 1990ರಲ್ಲಿ ಹುಟ್ಟಿದ ತಾಯಿ ಎರಡನೆಯದಕ್ಕೆ, 2012ರಲ್ಲಿ ಹುಟ್ಟಿದ ಮಗಳು ಮೂರನೆಯದಕ್ಕೆ ಬಿದ್ದರು. ಒಂದೇ ಮನೆಯ ಮೂವರಿಗೆ ಮೂರು ಷರತ್ತು! ‘1-7-1987ರಂದೇ ಹುಟ್ಟಿದರೆ ಯಾವ ಕಡೆ?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ‘ಕಡಿಮೆ’ ಮತ್ತು ‘ಕಡಿಮೆ ಅಥವಾ ಸಮ’ ಚಿಹ್ನೆಗಳ ವ್ಯತ್ಯಾಸವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ.

ದುಡಿಯಲು ಕೊಲ್ಲಿ ದೇಶಗಳಿಗೆ ಹೋದವರ ಬಗ್ಗೆಯೂ ಪ್ರಶ್ನೆ ಬಂತು. ಅಲ್ಲಿ ಹುಟ್ಟುವ ಮಗುವಿಗೆ ವಂಶದಿಂದ ಬರುವ ಪೌರತ್ವದ 4ನೇ ಪ್ರಕರಣ ಅನ್ವಯಿಸುತ್ತದೆ. ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಮಾಡಿಸಬೇಕು ಎಂಬುದನ್ನು ತಿಳಿಸಲಾಯಿತು.

ಎರಡನೆಯ ಅವಧಿ: ಯಾವ ಬಾಗಿಲಿಗೆ ಯಾವ ಕೀಲಿ

ನಾಲ್ಕು ಗುಂಪುಗಳಿಗೆ ನಾಲ್ಕು ಕಾರ್ಡು ಕೊಡಲಾಯಿತು. ಪ್ರತಿ ಗುಂಪೂ ‘ಇಲ್ಲಿ ಕೇಳಬೇಕಾದದ್ದು ಪೌರತ್ವವೋ, ವಾಸವೋ, ಗುರುತೋ?’ ಎಂಬ ಪ್ರಶ್ನೆಗೆ ಉತ್ತರಿಸಬೇಕಿತ್ತು.

ಕಾರ್ಡ್ 1. ಬೀಡ ಜಿಲ್ಲೆಯ ಕುಟುಂಬ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅಥಣಿಯಲ್ಲಿದೆ. ಆಧಾರ್ ನೋಂದಣಿಗೆ ಬೇಕಾದ ದಿನಗಳು ಪೂರ್ಣವಾಗುತ್ತವೆಯೇ?

ಆಧಾರ್ ಕಾಯ್ದೆ 2016ರಂತೆ ಅರ್ಜಿಗೆ ಹಿಂದಿನ 12 ತಿಂಗಳಲ್ಲಿ ಒಟ್ಟು 182 ದಿನ ಅಥವಾ ಹೆಚ್ಚು ಭಾರತದಲ್ಲಿ ವಾಸಿಸಿದವರು ‘ನಿವಾಸಿ’. ಗುಂಪು ಕ್ಯಾಲೆಂಡರ್ ನೋಡಿ 30+31+31+28+31=151 ಎಂದು ಲೆಕ್ಕ ಹಾಕಿ, 31 ದಿನ ಕಡಿಮೆ ಬಿತ್ತು ಎಂದಿತು. ಬೇರೆ ಗುಂಪಿನ ಹುಡುಗಿಯೊಬ್ಬಳು ಎದ್ದು, ‘ಬೀಡವೂ ಭಾರತದಾಗೇ ಐತೆಲ್ಲ ಸರ್, ಉಳಿದ ದಿನ ಎಲ್ಲಿ ಹೋದವು?’ ಎಂದಳು. ನಿಯಮ ಕೇಳುವುದು ಕರ್ನಾಟಕದ ದಿನಗಳನ್ನಲ್ಲ, ಭಾರತದ ದಿನಗಳನ್ನು. ಕೂಡಿಸುವ ಮೊದಲು ಏನನ್ನು ಕೂಡಿಸಬೇಕು ಎಂದು ಓದಿಕೊಳ್ಳಬೇಕು ಎಂಬ ಪಾಠ ಇಡೀ ತರಗತಿಗೆ ದಕ್ಕಿತು. ಇದೇ ಕಾಯ್ದೆಯ 9ನೇ ಪ್ರಕರಣವು ಆಧಾರ್ ಸಂಖ್ಯೆ ತಾನಾಗಿಯೇ ಪೌರತ್ವಕ್ಕೆ ಅಥವಾ ಕಾಯಂ ವಾಸಕ್ಕೆ ಪುರಾವೆಯಲ್ಲ ಎನ್ನುತ್ತದೆ. ಆಧಾರ್ ಗುರುತಿನ ಕೀಲಿ, ಅಷ್ಟೇ.

ಕಾರ್ಡ್ 2. ಅದೇ ಕುಟುಂಬದ 9 ವರ್ಷದ ಮಗನ ಬಳಿ ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ. ಡಿಸೆಂಬರ್‌ನಲ್ಲಿ ಶಾಲೆಗೆ ಸೇರಬಹುದೇ?

ಸೇರಬಹುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 2009 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 4ನೇ ಪ್ರಕರಣ ವಯಸ್ಸಿಗೆ ತಕ್ಕ ತರಗತಿ ಮತ್ತು ವಿಶೇಷ ತರಬೇತಿಯನ್ನು, 5ನೇ ಪ್ರಕರಣ ಟಿ.ಸಿ. ತಡವಾದರೂ ದಾಖಲಾತಿ ನಿರಾಕರಿಸಬಾರದೆಂಬುದನ್ನು, 14ನೇ ಪ್ರಕರಣ ವಯಸ್ಸಿನ ಪುರಾವೆ ಇಲ್ಲವೆಂದು ನಿರಾಕರಿಸಬಾರದೆಂಬುದನ್ನು, 15ನೇ ಪ್ರಕರಣ ತಡವಾಗಿ ಬಂದರೂ ಸೇರಿಸಿಕೊಳ್ಳಬೇಕೆಂಬುದನ್ನು ಹೇಳುತ್ತವೆ. ವಲಸೆ ಕುಟುಂಬದ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು 9ನೇ ಪ್ರಕರಣದಲ್ಲಿದೆ. ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಹೇಳಿದೆ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ‘ಎಲ್ಲ ಮಕ್ಕಳು’ ಎನ್ನುತ್ತದೆ, ‘ಪೌರರು’ ಎನ್ನುವುದಿಲ್ಲ. ಆದ್ದರಿಂದ ಈ ಬಾಗಿಲಿಗೆ ಮೂರು ಕೀಲಿಗಳಲ್ಲಿ ಯಾವುದೂ ಬೇಕಿಲ್ಲ, ವಯಸ್ಸೊಂದೇ ಸಾಕು. ಟಿ.ಸಿ.ಯನ್ನು ಮಹಾರಾಷ್ಟ್ರದ ಪೋಷಕರು ‘ದಾಖಲಾ’ ಎನ್ನುತ್ತಾರೆ. ದಾಖಲಾತಿ ಮೇಜಿನಲ್ಲಿ ಕೂರುವವರು ಈ ಪದವನ್ನು ತಿಳಿದಿರಬೇಕು.

ಕಾರ್ಡ್ 3. ಕಬ್ಬಿನ ಗದ್ದೆಯ ಪಕ್ಕದ ಜೋಪಡಿಯಲ್ಲಿ ಹೆರಿಗೆಯಾಯಿತು. ಜನನ ನೋಂದಣಿ ಬೀಡದಲ್ಲೋ, ರಾಯಬಾಗದಲ್ಲೋ?

ರಾಯಬಾಗದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹುಟ್ಟಿದ ಸ್ಥಳದಲ್ಲಿಯೇ ನೋಂದಣಿ. 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, 30 ದಿನದೊಳಗೆ ತಡದ ಶುಲ್ಕ, ನಂತರ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ತಿದ್ದುಪಡಿ ಜಾರಿಗೆ ಬಂದ 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಜನನದ ದಿನಾಂಕ ಮತ್ತು ಸ್ಥಳಕ್ಕೆ ಈ ಪ್ರಮಾಣಪತ್ರವೇ ಪುರಾವೆ. ಶಾಲೆ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಎಲ್ಲಕ್ಕೂ ಇದೇ ಬೇಕು. ಗ್ಯಾಂಗು ಊರಿಗೆ ಮರಳಿದ ಮೇಲೆ ನೂರಾರು ಕಿಲೋಮೀಟರ್ ದೂರದಿಂದ ಮತ್ತೆ ಬರುವುದು ಸುಲಭವಲ್ಲ. ಹಂಗಾಮಿನೊಳಗೇ ನೋಂದಣಿ ಆಗಬೇಕು ಎಂದು ಮಕ್ಕಳೇ ತೀರ್ಮಾನಿಸಿದರು.

ಕಾರ್ಡ್ 4. ಕಾಗವಾಡದ ಹುಡುಗಿ 1ರಿಂದ 5ರವರೆಗೆ ಊರಲ್ಲಿ, 6ರಿಂದ 10ರವರೆಗೆ ಮೀರಜದಲ್ಲಿ ಓದಿದಳು. ಪಿಯುಸಿ ಎಲ್ಲಿ ಓದಬೇಕು?

ಕರ್ನಾಟಕದ ವೃತ್ತಿಶಿಕ್ಷಣ ಕೋರ್ಸುಗಳ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮವೆಂದರೆ, 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ 12 ವರ್ಷಗಳಲ್ಲಿ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು ಮತ್ತು ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲಿ ತೇರ್ಗಡೆಯಾಗಿರಬೇಕು. ಪಿಯುಸಿ ಅಥಣಿಯಲ್ಲಾದರೆ 5+2=7, ಷರತ್ತು ಪೂರ್ಣ. ಮೀರಜದಲ್ಲೇ ಮುಂದುವರಿದರೆ 5 ಮಾತ್ರ. ಆಗ ಗಡಿನಾಡು, ಹೊರನಾಡು ಕನ್ನಡಿಗರಂಥ ಬೇರೆ ಷರತ್ತುಗಳಲ್ಲಿ ಯಾವುದಾದರೂ ಹೊಂದುತ್ತದೆಯೇ ಎಂದು ನೋಡಬೇಕಾಗುತ್ತದೆ. ಅವಳು ಹುಟ್ಟಿದ್ದು, ಬೆಳೆದದ್ದು, ಮಲಗಿ ಏಳುವುದು ಕಾಗವಾಡದಲ್ಲೇ ಇದ್ದರೂ ಈ ನಿಯಮ ನೋಡುವುದು ಓದಿನ ವರ್ಷಗಳನ್ನು. ‘ವಾಸ’ ಎಂಬ ಒಂದೇ ಪದಕ್ಕೆ ಬೇರೆ ಬೇರೆ ಕಾನೂನಿನಲ್ಲಿ ಬೇರೆ ಬೇರೆ ಅಳತೆ ಇದೆ ಎಂಬುದು ಇಲ್ಲಿ ಚೆನ್ನಾಗಿ ಮನದಟ್ಟಾಯಿತು.

ವಿಸ್ತರಣೆ

ಕೊನೆಯ ಹತ್ತು ನಿಮಿಷದಲ್ಲಿ ಮೂರು ವಿಷಯಗಳನ್ನು ಸಂಕ್ಷಿಪ್ತವಾಗಿ ಸೇರಿಸಲಾಯಿತು. ಮೊದಲನೆಯದು ರೇಷನ್: ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ 2020ರ ಜನವರಿಯಿಂದ ಕರ್ನಾಟಕ, ಮಹಾರಾಷ್ಟ್ರ ಎರಡೂ ಇವೆ. ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಆಧಾರ್ ದೃಢೀಕರಣದೊಂದಿಗೆ ಇಲ್ಲಿನ ಅಂಗಡಿಯಲ್ಲಿಯೂ ಪಡೆಯಬಹುದು. ಎರಡನೆಯದು ಮತ: 1950ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಪೌರತ್ವ ಮತ್ತು ‘ಸಾಮಾನ್ಯ ವಾಸ’ ಎರಡೂ ಬೇಕು, ಹೆಸರು ಒಂದೇ ಕಡೆ ಇರಬೇಕು. ತಾತ್ಕಾಲಿಕವಾಗಿ ಊರು ಬಿಟ್ಟರೆ ಸಾಮಾನ್ಯ ವಾಸ ಹೋಗುವುದಿಲ್ಲ. ಕಾಯಂ ಸ್ಥಳಾಂತರವಾದರೆ ನಮೂನೆ 8. ಮೂರನೆಯದು ಜಾತಿ ಪ್ರಮಾಣಪತ್ರ: ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿ ರಾಜ್ಯವಾರು ಇರುವುದರಿಂದ ವಲಸೆ ಹೋದ ರಾಜ್ಯದಲ್ಲಿ ಆ ರಾಜ್ಯದ ಮೀಸಲಾತಿ ತಾನಾಗಿ ಸಿಗದು ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಗಡಿಯಾಚೆ ಸಂಬಂಧ ಬೆಳೆಸುವ ಕುಟುಂಬಗಳು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೌಲ್ಯಮಾಪನ

ಐದನೆಯ ಕಾರ್ಡನ್ನು ಪ್ರತಿಯೊಬ್ಬರೂ ಒಂಟಿಯಾಗಿ ಬಿಡಿಸಿದರು: ನೇಪಾಳದಿಂದ ಬಂದು ನಿಪ್ಪಾಣಿಯಲ್ಲಿ ಕಾವಲು ಕೆಲಸ ಮಾಡುವವರ 7 ವರ್ಷದ ಮಗಳು ಶಾಲೆಗೆ ಸೇರಬಹುದೇ? ತಂದೆ ಮತ ಹಾಕಬಹುದೇ? ‘ಸೇರಬಹುದು, ಹಾಕುವಂತಿಲ್ಲ’ ಎಂದಷ್ಟೇ ಬರೆದವರಿಗೆ ಅರ್ಧ ಅಂಕ. ಮೊದಲನೆಯದು ಮಗುವಿನ ಹಕ್ಕು, ಎರಡನೆಯದು ಪೌರರ ಹಕ್ಕು ಎಂದು ಕಾರಣ ಕೊಟ್ಟವರಿಗೆ ಪೂರ್ಣ ಅಂಕ. ಹೆಚ್ಚಿನವರು ಮಗುವಿನ ವಿಷಯದಲ್ಲಿ ಸರಿಯಾದ ಕಾರಣ ಕೊಟ್ಟರು. ಮತದ ವಿಷಯದಲ್ಲಿ ಕೆಲವರು ‘ಆಧಾರ್ ಇದ್ದರೆ ಹಾಕಬಹುದು’ ಎಂದು ಬರೆದಿದ್ದರಿಂದ ಮರುದಿನ ಐದು ನಿಮಿಷದ ಪುನರ್ಬಲನ ಬೇಕಾಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

1. ತರಗತಿಯ ಮಕ್ಕಳ ಸ್ವಂತ ಕಾಗದಪತ್ರಗಳನ್ನು ಉದಾಹರಣೆಗೆ ಬಳಸಬಾರದು. ‘ನಿಮ್ಮಲ್ಲಿ ಹೊರಗಿನವರು ಯಾರು?’ ಎಂದು ಕೈ ಎತ್ತಿಸುವುದು ಪಾಠದ ಉದ್ದೇಶವನ್ನೇ ಕೆಡಿಸುತ್ತದೆ. ಕಾರ್ಡಿನ ಕುಟುಂಬಗಳಿರುವುದು ಅದಕ್ಕಾಗಿಯೇ.

2. ಕಾರ್ಡುಗಳನ್ನು ಮರಾಠಿಯಲ್ಲೂ ಬರೆದಿಟ್ಟುಕೊಂಡರೆ ಮನೆಯಲ್ಲಿ ಮರಾಠಿ ಆಡುವ ಮಕ್ಕಳೂ ಸಮನಾಗಿ ಭಾಗವಹಿಸುತ್ತಾರೆ.

3. ನಿಯಮಗಳು ತಿದ್ದುಪಡಿಯಾಗುತ್ತಿರುತ್ತವೆ. ಪ್ರತಿ ವರ್ಷ ಪಾಠಕ್ಕೆ ಮುನ್ನ ಸಮಾಜ ವಿಜ್ಞಾನ ಶಿಕ್ಷಕರೊಂದಿಗೆ ಕುಳಿತು ಕಾರ್ಡುಗಳನ್ನು ಪರಿಷ್ಕರಿಸಬೇಕು.

4. ಯಾರು ಪೌರರು ಎಂದು ತೀರ್ಮಾನಿಸುವುದು ಶಿಕ್ಷಕರ ಕೆಲಸವಲ್ಲ. ಕಾಗದವಿಲ್ಲದ ಮಗು ಬಂದರೆ ಪೋಷಕರ ಹೇಳಿಕೆ ಪಡೆದು ಹೆಸರನ್ನು ದಾಖಲಿಸಿ, ಕೂರಲು ಜಾಗ ಕೊಟ್ಟು, ಊಟದ ಲೆಕ್ಕಕ್ಕೆ ಸೇರಿಸಬೇಕು. ಹಿಂದಿನ ಶಾಲೆಯ ಮುಖ್ಯ ಶಿಕ್ಷಕರನ್ನು ಸಂಪರ್ಕಿಸಿ ಟಿ.ಸಿ. ತರಿಸುವ ಕೆಲಸ ಅದರ ನಂತರದ್ದು. ಹಂಗಾಮು ಮುಗಿದು ಮಗು ಹೊರಟಾಗ ಇಲ್ಲಿ ಕಲಿತ ತಿಂಗಳುಗಳ ದಾಖಲೆ ಅದರ ಕೈಯಲ್ಲಿರುವಂತೆ ನೋಡಿಕೊಳ್ಳುವುದು ಕೊನೆಯ ಹೆಜ್ಜೆ. ಮುಂದಿನ ಊರಿನ ಶಿಕ್ಷಕರಿಗೆ ಅಲ್ಲಿಂದ ಶುರುಮಾಡಲು ಅದು ಬೇಕಾಗುತ್ತದೆ.