ಜೋಕು ಬೇಡ, ಜೊತೆ ಬೇಕು

ನಿಮ್ಮ ಬಡಾವಣೆಯಲ್ಲೊಂದು ನಗೆಕೂಟ ಶುರು ಮಾಡುವ ಆಲೋಚನೆಯಿದ್ದರೆ ಮೊದಲು ಜೋಕಿನ ಪುಸ್ತಕವನ್ನು ಕಪಾಟಿಗೆ ಸೇರಿಸಿ. ಮುಂಬೈನ ವೈದ್ಯ ಡಾ. ಮದನ್ ಕಟಾರಿಯಾ ಇದನ್ನು ಅನುಭವದಿಂದಲೇ ಕಲಿತರು. 1995ರ ಮಾರ್ಚ್ 13ರ ಬೆಳಿಗ್ಗೆ ಪಾರ್ಕೊಂದರಲ್ಲಿ ಬೆರಳೆಣಿಕೆಯ ಜನರೊಂದಿಗೆ ಅವರು ಕೂಟ ಆರಂಭಿಸಿದಾಗ ಒಬ್ಬರು ನಡುವೆ ನಿಂತು ಜೋಕು ಹೇಳುವುದು, ಉಳಿದವರು ನಗುವುದು ಎಂಬುದೇ ಕ್ರಮವಾಗಿತ್ತು. ಜನ ಹೆಚ್ಚಾದರು. ಎರಡು ವಾರ ಕಳೆಯುವಷ್ಟರಲ್ಲಿ ಒಳ್ಳೆಯ ಜೋಕುಗಳೆಲ್ಲ ಮುಗಿದು ಪೋಲಿ ಜೋಕು, ಚುಚ್ಚುವ ಜೋಕು ಮಾತ್ರ ಉಳಿದವು. ಕೆಲವರು ಮುಖ ಗಂಟಿಕ್ಕಿದರು. ಆಗ ಕಟಾರಿಯಾ ಜೋಕನ್ನೇ ಕೈಬಿಟ್ಟು, ಕಾರಣವಿಲ್ಲದೆ ಸುಮ್ಮನೆ ನಗೋಣ ಎಂದರು. ಮೊದಲು ಎಲ್ಲರದೂ ನಟನೆ. ಸ್ವಲ್ಪ ಹೊತ್ತಿಗೆ ಒಬ್ಬರ ಮುಖ ನೋಡಿ ಇನ್ನೊಬ್ಬರಿಗೆ ನಿಜವಾಗಿಯೂ ನಗು ಬಂತು. ಯೋಗ ಬಲ್ಲ ಪತ್ನಿ ಮಾಧುರಿ ಅವರ ನೆರವಿನಿಂದ ಅದಕ್ಕೆ ಉಸಿರಾಟದ ಅಭ್ಯಾಸವೂ ಸೇರಿ ಇಂದಿನ ನಗೆಯೋಗ ರೂಪುಗೊಂಡಿತು.

ನಗುವಿಗೆ ಜೋಕೇ ಬೇಕಿಲ್ಲ ಎನ್ನುವುದಕ್ಕೆ ಲೆಕ್ಕವೂ ಇದೆ. ಅಮೆರಿಕದ ಸಂಶೋಧಕ ರಾಬರ್ಟ್ ಪ್ರೊವೈನ್ ಮಾಲ್‌ಗಳಲ್ಲಿ, ರಸ್ತೆಬದಿಯಲ್ಲಿ ಜನ ನಗುವುದನ್ನು ಕದ್ದು ಕೇಳಿ ಸಾವಿರಕ್ಕೂ ಹೆಚ್ಚು ಪ್ರಸಂಗಗಳನ್ನು ಬರೆದಿಟ್ಟುಕೊಂಡರು. ನಗುವಿಗೆ ಮುಂಚೆ ಬಂದ ಮಾತುಗಳಲ್ಲಿ ಹಾಸ್ಯ ಎನ್ನಬಹುದಾದದ್ದು ನೂರಕ್ಕೆ ಇಪ್ಪತ್ತೂ ಇರಲಿಲ್ಲ. ‘ಆಯ್ತು ಬರ್ತೀನಿ’, ‘ಓಹೋ ಬಂದ್ರಾ’ ಎಂಬಂಥ ಮಾತಿಗೇ ಜನ ನಗುತ್ತಿದ್ದರು. ಒಂಟಿಯಾಗಿರುವಾಗಿನದಕ್ಕಿಂತ ಜೊತೆಯಲ್ಲಿರುವಾಗ ಮನುಷ್ಯ ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತಾನೆ ಎಂಬುದೂ ಅವರ ಲೆಕ್ಕ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಸ್ಯದ ವಿಡಿಯೊ ನೋಡಿ ಹೊಟ್ಟೆತುಂಬ ನಕ್ಕವರು ತೋಳಿಗೆ ಸುತ್ತಿದ ಹಿಮದಂಥ ಪಟ್ಟಿಯನ್ನೋ ಬಿಗಿಯುವ ಬಿಪಿ ಪಟ್ಟಿಯನ್ನೋ ಮೊದಲಿಗಿಂತ ಹೆಚ್ಚು ತಾಳಿಕೊಂಡರು. ನೋವು ತಗ್ಗಿಸುವ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕೆಂದು ಅವರ ಊಹೆ.

ನಕಲಿ ನಗುವಿಗೂ ಅಸಲಿ ನಗುವಿಗೂ ದೇಹಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಎಂದು ನಗೆಕೂಟದವರು ಹೇಳುವುದುಂಟು. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 19 ದೇಶಗಳ 3,800ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ, ಬೇಕೆಂದೇ ಮುಗುಳ್ನಕ್ಕರೂ ಮನಸ್ಸು ತುಸು ಹಗುರಾಗುತ್ತದೆ. ತುಸು, ಅಷ್ಟೆ. ಅದರಾಚೆಗಿನ ಕೆಲಸ ಪಕ್ಕದಲ್ಲಿ ನಗುತ್ತಿರುವವರದು.

ಸೇರುವ ಮುನ್ನ

ಆರರಿಂದ ಹತ್ತು ಜನ ಸಾಕು. ಮೂವರೇ ಇದ್ದರೆ ಸಂಕೋಚ ಕರಗುವುದಿಲ್ಲ, ಇಪ್ಪತ್ತೈದು ಜನವಾದರೆ ಹಿಂದೆ ನಿಂತವರು ವಾಟ್ಸ್ಯಾಪ್ ತೆರೆಯುತ್ತಾರೆ. ಪಾರ್ಕು, ಅಪಾರ್ಟ್‌ಮೆಂಟಿನ ಟೆರೇಸು, ಸಮುದಾಯ ಭವನ ಯಾವುದಾದರೂ ಆದೀತು. ಆದರೆ ಮಲಗುವ ಕೋಣೆಗಳ ಕಿಟಕಿಯ ಕೆಳಗೆ ಬೇಡ. ಮುಂಬೈನ ಕುರ್ಲಾದಲ್ಲಿ ಬೆಳಗಿನ ನಗೆಕೂಟದ ಗದ್ದಲ ತಾಳಲಾರದ ನಿವಾಸಿಗಳ ದೂರು ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಿತ್ತು.

ತಿಂಡಿ ತಿಂದ ಕೂಡಲೇ ನಗುವ ವ್ಯಾಯಾಮ ಮಾಡಬಾರದು. ಬೆಳಿಗ್ಗೆಯಾದರೆ ಖಾಲಿ ಹೊಟ್ಟೆ, ಸಂಜೆಯಾದರೆ ಊಟ-ತಿಂಡಿಯಾಗಿ ಎರಡು ಗಂಟೆಯ ಬಳಿಕ. ಮೂತ್ರ ವಿಸರ್ಜಿಸಿಯೇ ಬನ್ನಿ. ಹೆರಿಗೆಯಾದವರಿಗೆ, ವಯಸ್ಸಾದವರಿಗೆ ಜೋರಾಗಿ ನಕ್ಕಾಗ ಒಂದೆರಡು ಹನಿ ಜಾರುವುದು ಬಹಳ ಸಾಮಾನ್ಯ. ಹೇಳಿಕೊಳ್ಳಲು ನಾಚಿ ಎಷ್ಟೋ ಮಹಿಳೆಯರು ಎರಡನೆಯ ದಿನದಿಂದ ಕೂಟಕ್ಕೇ ಬರುವುದಿಲ್ಲ. ಮುಂದಾಳು ಮೊದಲ ದಿನವೇ ಈ ಮಾತನ್ನು ಎಲ್ಲರಿಗೂ ಸಹಜವಾಗಿ ಹೇಳಿಬಿಟ್ಟರೆ ಒಳ್ಳೆಯದು. ಕಟ್ಟಿಸಿಕೊಂಡ ಹಲ್ಲುಸೆಟ್ ಸಡಿಲವಿದ್ದರೆ ತೆಗೆದಿಡಿ. ಅದು ಹೊರಗೆ ಹಾರಿದರೆ ನಗು ಬರುತ್ತದೆ ನಿಜ, ಆದರೆ ನಮಗೆ ಬೇಕಾದ ನಗು ಅದಲ್ಲ.

ಹರ್ನಿಯಾ ಇರುವವರು, ಹೊಟ್ಟೆಯದೋ ಕಣ್ಣಿನದೋ ಶಸ್ತ್ರಚಿಕಿತ್ಸೆ ಇತ್ತೀಚೆಗೆ ಆದವರು, ಹತೋಟಿಗೆ ಬಾರದ ಬಿಪಿ, ಹೃದಯದ ತೊಂದರೆ, ಗ್ಲಾಕೋಮಾ, ಮೂರ್ಛೆರೋಗ ಇರುವವರು ಮತ್ತು ತುಂಬು ಗರ್ಭಿಣಿಯರು ವೈದ್ಯರನ್ನು ಕೇಳದೆ ಇಳಿಯಬಾರದು.

ಇಪ್ಪತ್ತು ನಿಮಿಷ ಹೀಗೆ

ವೃತ್ತಾಕಾರವಾಗಿ ನಿಲ್ಲಿ. ಅಂಗೈಗೆ ಅಂಗೈ, ಬೆರಳಿಗೆ ಬೆರಳು ತಾಗುವಂತೆ ಚಪ್ಪಾಳೆ ತಟ್ಟುತ್ತ ‘ಹೊ ಹೊ, ಹಾ ಹಾ ಹಾ’ ಎನ್ನಿ. ಸದ್ದು ಗಂಟಲಿಂದಲ್ಲ, ಹೊಟ್ಟೆಯಿಂದ ಬರಲಿ. ಹಾಗೆಯೇ ನಡೆದಾಡುತ್ತ ಒಬ್ಬರನ್ನೊಬ್ಬರು ದಾಟಿ ಹೋಗಿ. ಎರಡು ನಿಮಿಷ ಸಾಕು.

ಮುಂದಿನದು ಉಸಿರು. ಕೈಗಳನ್ನು ಮೇಲೆತ್ತುತ್ತ ಮೂಗಿನಿಂದ ಉಸಿರೆಳೆದು, ಕ್ಷಣ ತಡೆದು, ಕೈ ಇಳಿಸುತ್ತ ನಿಧಾನವಾಗಿ ಹೊರಬಿಡಿ. ಎಳೆದುಕೊಂಡದ್ದಕ್ಕಿಂತ ಬಿಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಬೇಕು. ನಗು ಎಂದರೂ ಇದೇ ತಾನೆ? ತುಂಡು ತುಂಡಾಗಿ ಹೊರಬೀಳುವ ಉದ್ದನೆಯ ನಿಶ್ವಾಸ. ಪ್ರತಿ ನಗುವಿನ ವ್ಯಾಯಾಮದ ಬಳಿಕವೂ ಇಂಥ ಎರಡು ದೀರ್ಘ ಉಸಿರಾಟ ಇರಲಿ. ಇದನ್ನು ಬಿಟ್ಟರೆ ತಲೆಸುತ್ತು, ಕೆಮ್ಮು ಬರಬಹುದು.

ಈಗ ನಗುಗಳು. ಒಂದೊಂದಕ್ಕೂ ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ. ಮೊದಲು ನಮಸ್ಕಾರದ ನಗು: ಕೈಮುಗಿದು, ಎದುರಿನವರ ಕಣ್ಣನ್ನೇ ನೋಡುತ್ತ ನಗಬೇಕು, ಮಾತಿಲ್ಲ. ನನ್ನನ್ನು ಕೇಳಿದರೆ ಇಡೀ ಅಭ್ಯಾಸದ ಜೀವ ಇಲ್ಲಿದೆ. ಕಣ್ಣು ತಪ್ಪಿಸಿದರೆ ನಟನೆ ನಟನೆಯಾಗಿಯೇ ಉಳಿಯುತ್ತದೆ, ಕಣ್ಣು ಸೇರಿದರೆ ಹತ್ತನೆಯ ಸೆಕೆಂಡಿಗೆ ಯಾರೋ ಒಬ್ಬರು ಸೋಲುತ್ತಾರೆ. ಉತ್ತರದ ಕೂಟಗಳಲ್ಲಿ ‘ಲಸ್ಸಿ ನಗು’ ಎಂಬುದೊಂದಿದೆ. ನಮ್ಮ ಕಡೆಗೆ ಅದನ್ನು ಕಾಫಿ ಮಾಡಿಕೊಳ್ಳೋಣ: ಕಾಣದ ಲೋಟದಿಂದ ಕಾಣದ ಡಬರಿಗೆ ‘ಏ…’ ಎನ್ನುತ್ತ ಎತ್ತರದಿಂದ ಸುರಿಯಿರಿ, ತಿರುಗಿ ‘ಏ…’ ಎನ್ನುತ್ತ ಲೋಟಕ್ಕೆ, ಆಮೇಲೆ ಗಟಗಟ ಕುಡಿದಂತೆ ತಲೆ ಹಿಂದಕ್ಕೆ ಬಾಗಿಸಿ ನಗು. ಫೋನಿನ ನಗುವಿನಲ್ಲಿ ಅಂಗೈಯನ್ನೇ ಮೊಬೈಲಿನಂತೆ ಕಿವಿಗಿಟ್ಟುಕೊಂಡು ನಗುತ್ತ ಓಡಾಡುವುದು. ಬಿಲ್ಲಿನ ನಗುವಿನಲ್ಲಿ ಕರೆಂಟ್ ಬಿಲ್ ತೆರೆದು, ಮೊತ್ತ ನೋಡಿ, ಪಕ್ಕದವರಿಗೂ ತೋರಿಸಿ ನಗುವುದು. ಜಗಳದ ನಗುವಿಗೆ ಎರಡು ಗುಂಪಾಗಿ, ತೋರುಬೆರಳು ಆಡಿಸುತ್ತ, ಬೈಗುಳದ ಬದಲು ನಗುವನ್ನೇ ಎಸೆದಾಡಬೇಕು. ನೀರಿನ ಟ್ಯಾಂಕರಿನ ವಿಷಯಕ್ಕೆ ಮಾತುಬಿಟ್ಟ ನೆರೆಹೊರೆಯವರನ್ನು ಎದುರುಬದುರು ನಿಲ್ಲಿಸಿ ನೋಡಿ. ನಾಲಿಗೆ ಪೂರ್ತಿ ಹೊರಚಾಚಿ, ಕಣ್ಣರಳಿಸಿ, ಕೈಬೆರಳುಗಳನ್ನು ಪಂಜದಂತೆ ಹಿಡಿದು ನಗುವ ಸಿಂಹದ ನಗು ಮಕ್ಕಳಿಗೆ ಪ್ರಾಣ. ದೊಡ್ಡವರಿಗೆ ನಾಚಿಕೆ, ಆದ್ದರಿಂದ ಅದನ್ನು ಕೊನೆಗಿಡಿ.

ಕಡೆಯ ನಾಲ್ಕು ನಿಮಿಷ ಕುಳಿತೋ ಮಲಗಿಯೋ ಕಣ್ಣು ಮುಚ್ಚಿ ಸುಮ್ಮನಿರಬೇಕು. ಆಫೀಸಿಗೆ ಹೊತ್ತಾಯಿತು ಎಂದು ಎಲ್ಲರೂ ಕತ್ತರಿ ಹಾಕುವುದು ಇದಕ್ಕೇ. ಸಮಯವಿಲ್ಲದಿದ್ದರೆ ಎರಡು ನಗು ಕಡಿಮೆ ಮಾಡಿ, ಇದನ್ನು ಬಿಡಬೇಡಿ.

ಮುಂದಾಳಿಗೊಂದು ಮಾತು. ‘ಯಾಕ್ರೀ, ನೀವು ನಗ್ತಾನೇ ಇಲ್ಲ?’ ಎಂದು ಯಾರನ್ನೂ ಎತ್ತಿ ಆಡಬಾರದು. ಭರತಮುನಿಯ ನಾಟ್ಯಶಾಸ್ತ್ರ ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯ ನಗುವನ್ನು ಹೇಳುತ್ತದೆ. ತುಟಿಯಂಚಿನ ಸ್ಮಿತ ಉತ್ತಮರದಂತೆ, ಕಣ್ಣಲ್ಲಿ ನೀರು ಸುರಿಯುವ ಅಬ್ಬರದ ನಗು ಅಧಮರದಂತೆ. ಭರತಮುನಿಯ ಲೆಕ್ಕದಲ್ಲಿ ಇಡೀ ನಗೆಕೂಟವೇ ಕೊನೆಯ ಬೆಂಚು! ಇರಲಿ. ಸ್ಮಿತಕ್ಕೇ ನಿಲ್ಲುವವರನ್ನು ಅಲ್ಲಿಯೇ ನಿಲ್ಲಲು ಬಿಡಿ.

ನಗಿಸಬಾರದ ಹೊತ್ತು

ಮನೆಯಲ್ಲಿ ಸಾವಾಗಿ ವಾರ ಕಳೆದಿರದವರನ್ನು ‘ಬನ್ನಿ, ಮರೆತುಹೋಗುತ್ತೆ’ ಎಂದು ಎಳೆತರಬೇಡಿ. ಅವರಿಗೆ ಆಗ ಬೇಕಾದದ್ದು ಪಕ್ಕದಲ್ಲಿ ಕೂರುವವರು. ಅವರಾಗಿ ಬಂದು, ನಗುವಿನ ನಡುವೆ ಅತ್ತುಬಿಟ್ಟರೆ ಗಾಬರಿ ಬೇಡ, ಅದೂ ಆಗುವುದುಂಟು. ಒಬ್ಬರು ಅವರನ್ನು ಬೆಂಚಿಗೆ ಕರೆದೊಯ್ದು ಜೊತೆಯಲ್ಲಿ ಕುಳಿತರಾಯಿತು.

ಎರಡು ವಾರಕ್ಕೂ ಮಿಕ್ಕಿ ಮಂಕು, ನಿದ್ದೆಗೇಡು, ಊಟ ಸೇರದಿರುವುದು, ಬದುಕೇ ಬೇಡವೆಂಬ ಮಾತು ಕಂಡರೆ ಅದು ನಗೆಕೂಟದ ಕೈಗೆ ಸಿಗುವ ವಿಷಯವಲ್ಲ. ವೈದ್ಯರಲ್ಲಿಗೆ ಹೋಗಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಔಷಧಿ, ಆಪ್ತಸಲಹೆಗಳ ಜೊತೆಗೆ ನಗೆಕೂಟವೂ ಇರಲಿ, ಅವುಗಳ ಬದಲಿಗೆ ಬೇಡ.

ಮನೆಯಲ್ಲೇ ಆದರೆ

ಕೂಟಕ್ಕೆ ಹೋಗಲಾಗದಿದ್ದರೆ ಪುಸ್ತಕವೂ ನಗಿಸೀತು. ಕನ್ನಡದ ಮಟ್ಟಿಗೆ ವೈದ್ಯಕ್ಕೂ ಹಾಸ್ಯಕ್ಕೂ ಹಳೆಯ ನಂಟಿದೆ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ತಂದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಮನಸ್ಸಿನ ಕಾಯಿಲೆಗಳ ಕುರಿತ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರದೋ ಬೀಚಿಯವರದೋ ಟಿ. ಸುನಂದಮ್ಮನವರದೋ ಪುಸ್ತಕ ಮನೆಯಲ್ಲಿದ್ದರೆ ರಾತ್ರಿ ಊಟವಾದ ಮೇಲೆ ಒಬ್ಬರು ಎರಡು ಪುಟ ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಒಬ್ಬರೇ ಇರುವವರು ಮಲಗುವ ಮುಂಚೆ ಆ ದಿನ ಕಂಡ, ಕೇಳಿದ ಮೂರು ತಮಾಷೆಗಳನ್ನು ಡೈರಿಯಲ್ಲಿ ಬರೆದಿಡಬಹುದು. ಆಟೊ ಹಿಂದಿನ ಬರಹವಾದರೂ ನಡೆದೀತು. ಮರುದಿನ ಅದನ್ನು ಯಾರಿಗಾದರೂ ಫೋನಿನಲ್ಲಿ ಹೇಳಿ.

ಹಾಸಿಗೆ ಹಿಡಿದವರ ವಿಷಯಕ್ಕೆ ಬಂದರೆ ನಾರ್ಮನ್ ಕಸಿನ್ಸ್ ಹೆಸರು ಬರಲೇಬೇಕು. ಅಮೆರಿಕದ ಈ ಸಂಪಾದಕ 1964ರಲ್ಲಿ ಬೆನ್ನುಮೂಳೆ, ಕೀಲುಗಳ ತೀವ್ರ ನೋವಿನಲ್ಲಿ ಮಲಗಿದ್ದಾಗ ಮಾರ್ಕ್ಸ್ ಸಹೋದರರ ಹಾಸ್ಯಚಿತ್ರಗಳನ್ನು ತರಿಸಿ ನೋಡಿದರು. ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಸಿಗುತ್ತಿತ್ತೆಂದು 1976ರಲ್ಲಿ ಪ್ರತಿಷ್ಠಿತ ವೈದ್ಯ ಪತ್ರಿಕೆಯೊಂದರಲ್ಲಿ ಬರೆದರು. ಅದು ಒಬ್ಬ ರೋಗಿಯ ಅನುಭವ. ಜೊತೆಗೆ ಅವರು ವಿಟಮಿನ್ ಸಿ ಕೂಡ ಧಾರಾಳವಾಗಿ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಗುಣವಾದದ್ದು ನಗುವಿನಿಂದಲೇ ಎನ್ನಲಾಗದು. ಆದರೂ ಎರಡು ಗಂಟೆಯ ನಿದ್ದೆ ಸಣ್ಣ ಮಾತಲ್ಲ.

ನಿಮ್ಮ ಮನೆಯ ಅಜ್ಜನಿಗೋ ಅತ್ತೆಗೋ ಇದನ್ನು ಮಾಡುವುದಾದರೆ ಅವರ ಹರೆಯದಲ್ಲಿ ಯಾರು ನಗಿಸುತ್ತಿದ್ದರೆಂದು ಕೇಳಿ. ನರಸಿಂಹರಾಜು ಇರಬಹುದು, ಮಾಸ್ಟರ್ ಹಿರಣ್ಣಯ್ಯ ಇರಬಹುದು. ಆ ನಟರ ವಿಡಿಯೊ ಹಾಕಿ, ಮೊಬೈಲನ್ನು ಹಿರಿಯರ ಕೈಗಿತ್ತು ಅಡುಗೆಮನೆಗೆ ಹೋಗಬೇಡಿ. ಪಕ್ಕದಲ್ಲೇ ಕುಳಿತು ನೋಡಿ. ಹೊಟ್ಟೆಗೆ ಹೊಲಿಗೆ ಬಿದ್ದವರಾದರೆ ಮಾತ್ರ, ಹೊಲಿಗೆ ಮಾಗುವವರೆಗೆ ನರಸಿಂಹರಾಜುಗೆ ರಜೆ.