ಮನೆಮಾತು ಮತ್ತು ಅಭಿವೃದ್ಧಿ ಸಂವಹನ

ಡೆಂಗೀ ಜ್ವರವನ್ನು ಹರಡುವ ಸೊಳ್ಳೆ ಸಾಮಾನ್ಯವಾಗಿ ಹುಟ್ಟುವುದು ಕೊಳಚೆಯಲ್ಲಲ್ಲ, ಮನೆಯಲ್ಲಿ ಕೂಡಿಟ್ಟ ತಿಳಿನೀರಿನಲ್ಲಿ. ಇಷ್ಟನ್ನು ಭಿತ್ತಿಪತ್ರದಲ್ಲಿ ಅಚ್ಚುಹಾಕುವುದು ಸುಲಭ. ಆದರೆ ನಲ್ಲಿಯಲ್ಲಿ ಹಲವು ದಿನಗಳಿಗೊಮ್ಮೆ ಮಾತ್ರ ನೀರು ಬರುವ ಬಡಾವಣೆಗಳು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿವೆ. ಅಲ್ಲಿ ‘ನೀರನ್ನು ಕೂಡಿಡಬೇಡಿ’ ಎಂಬ ಉಪದೇಶಕ್ಕೆ ಅರ್ಥವಿಲ್ಲ. ಮೊಟ್ಟೆಗಳು ತೊಟ್ಟಿಯ ಒಳಗೋಡೆಗೆ ಅಂಟಿರುತ್ತವೆ. ಅವು ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಬೇಕು. ಆದ್ದರಿಂದ ತೊಟ್ಟಿಯನ್ನು ಮುಚ್ಚಿಡಬೇಕು, ವಾರಕ್ಕೊಮ್ಮೆ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಹೊಸ ನೀರು ಬರುವ ದಿನ, ಹಳೆಯದು ತಳ ಸೇರಿದಾಗ ತೊಳೆದರೆ ನೀರೂ ವ್ಯರ್ಥವಾಗದು. ಗೃಹಿಣಿಯ ಬವಣೆಯನ್ನು ಅರಿತು ಇಂತಹ ಸಾಧ್ಯವಾದ ಕಾರ್ಯವನ್ನು ಗುರುತಿಸುವುದೇ ಅಭಿವೃದ್ಧಿ ಸಂವಹನಕಾರನ ವೃತ್ತಿ. ಮಾಹಿತಿಯ ವಿತರಣೆ ಅದರ ಅತಿ ಸಣ್ಣ ಭಾಗ.

ಈ ಕ್ಷೇತ್ರ ಕನ್ನಡಕ್ಕೆ ಹೊಸದೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ಒಯ್ದಿತು. ಪ್ರಸಾರದ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದು. ಆದರೆ ಹೊಸ ಆಚರಣೆಯನ್ನು ಜನರು ಸ್ವೀಕರಿಸುವಲ್ಲಿ ಮಾಧ್ಯಮಕ್ಕಿಂತ ನೆರೆಹೊರೆಯ ನಂಬಿಕಸ್ಥರ ಮಾತು ಹೆಚ್ಚು ನಿರ್ಣಾಯಕವೆಂಬುದನ್ನು ಎವರೆಟ್ ರೋಜರ್ಸ್ 1962ರ ತಮ್ಮ ಗ್ರಂಥದಲ್ಲಿಯೇ ವಿವರಿಸಿದ್ದರು.

ಆ ನೆರೆಹೊರೆಯ ಮಾತು ಯಾವುದು? ಈ ಎರಡು ಜಿಲ್ಲೆಗಳ ದೇವಾಂಗ ನೇಕಾರರೂ ಒಕ್ಕಲಿಗ ಕುಟುಂಬಗಳೂ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದಾರೆ. ಅವರಲ್ಲಿ ಬಹುಪಾಲು ಜನರು ಓದುವುದು ತಮಿಳು ಲಿಪಿಯನ್ನು. ಬೆಂಗಳೂರಿನಲ್ಲಿ ಮುದ್ರಿತವಾದ ಕನ್ನಡ ಕರಪತ್ರ ಇಲ್ಲಿ ನಿಷ್ಪ್ರಯೋಜಕ. ತಮಿಳು ಕರಪತ್ರವನ್ನು ಓದಬಲ್ಲರು, ಆದರೆ ಮಗುವಿನ ಜ್ವರಕ್ಕೆ ಏನು ಮಾಡಬೇಕೆಂಬ ಚರ್ಚೆ ಮಗ್ಗದ ಬಳಿ, ಅಡುಗೆಮನೆಯಲ್ಲಿ, ಅಜ್ಜಿಯ ಕನ್ನಡದಲ್ಲಿ ನಡೆಯುತ್ತದೆ. ಆ ಕನ್ನಡದಲ್ಲಿ ತಮಿಳಿನ ಪದಗಳು ಧಾರಾಳವಾಗಿ ಬೆರೆತಿವೆ. ಅದನ್ನು ತಿದ್ದಲು ಹೊರಟವನಿಗೆ ಅಲ್ಲಿ ಕೆಲಸವಿಲ್ಲ. ಅವನ ಮುಂದೆ ಜನರು ಮಾತನ್ನೇ ನಿಲ್ಲಿಸುತ್ತಾರೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿ ಉಪಭಾಷೆಗಳನ್ನು, ಜನಪದ ಸಾಹಿತ್ಯದ ಕ್ಷೇತ್ರಕಾರ್ಯವನ್ನು ಪರೀಕ್ಷೆಯ ಅಂಕಗಳಿಗಾಗಿ ಓದಿರಬಹುದು. ವಕ್ತೃವಿನ ಮಾತನ್ನು ಇದ್ದಂತೆಯೇ ಬರೆದುಕೊಳ್ಳುವ ಆ ಶಿಸ್ತು ಈ ವೃತ್ತಿಗೆ ಬೇಕಾದ ಮೊದಲ ಅರ್ಹತೆ. ಉಳಿದದ್ದು, ಅಂದರೆ ಸಮೀಕ್ಷೆ, ಸಂದೇಶದ ಪೂರ್ವಪರೀಕ್ಷೆ, ಫಲಿತಾಂಶದ ಮಾಪನ, ಕಲಿತು ಬರುವ ವಿದ್ಯೆ. ಭಾರತಿಯಾರ್ ವಿಶ್ವವಿದ್ಯಾಲಯದಂತಹ ಕಡೆ ಸಂವಹನ ವಿಭಾಗಗಳಿವೆ. ಆರೋಗ್ಯ ಇಲಾಖೆ, ಯುನಿಸೆಫ್, ಸ್ವಯಂಸೇವಾ ಸಂಸ್ಥೆಗಳು ಉದ್ಯೋಗ ನೀಡುತ್ತವೆ, ಹೆಚ್ಚಿನವು ಗುತ್ತಿಗೆಯ ಅವಧಿಯವು ಎಂಬುದನ್ನೂ ತಿಳಿದಿರಬೇಕು. 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅನುಮತಿ ದೊರೆತಿದೆ. ಲಿಪಿ ಬಾರದ ಕನ್ನಡಿಗರಿಗೆ ಬಾನುಲಿ ತಲುಪುವಷ್ಟು ಕರಪತ್ರ ತಲುಪದು.